ಮೇ ತಿಂಗಳಲ್ಲಿ ಮಳೆಗಾಲ ಓದುವುದು: ಕಾಲೇಜು ಹುಡುಕುವ ಕೊಡಗಿನವರಿಗೆ

ಪಿಯುಸಿ ಫಲಿತಾಂಶ ಬಂದ ಮೇಲೆ ಎರಡು ವಾರ ನಮ್ಮ ಮನೆಯ ಊಟದ ಮೇಜಿನಲ್ಲಿ ತಟ್ಟೆ ಇಡಲು ಜಾಗ ಇರಲಿಲ್ಲ. ಮಗಳದ್ದು ನಾಲ್ಕು ಕಾಲೇಜಿನ ಪ್ರಾಸ್ಪೆಕ್ಟಸ್, ತಂಗಿಯ ಮಗನದ್ದು ಮೂರು. ಎಲ್ಲದರ ಮುಖಪುಟದಲ್ಲೂ ನೀಲಿ ಆಕಾಶ, ಒಪ್ಪವಾಗಿ ಕತ್ತರಿಸಿದ ಹುಲ್ಲು, ಫೈಲನ್ನು ಎದೆಗವಚಿಕೊಂಡು ನಗುವ ಮಕ್ಕಳು. ಮಗಳು ಒಂದು ಫೋಟೋಗೆ ಮರುಳಾಗಿದ್ದಳು: ನಾಲ್ಕು ಮಹಡಿ, ಮುಂಭಾಗವೆಲ್ಲ ಗಾಜು. ಮಡಿಕೇರಿ ಸುತ್ತಮುತ್ತ ಮೂವತ್ತು ವರ್ಷದಿಂದ ಮನೆ ಕಟ್ಟಿಸುವ ಕಂಟ್ರಾಕ್ಟರ್ ನಾನು. ನನಗೆ ಅದೇ ಫೋಟೋದಲ್ಲಿ ಕಂಡದ್ದು ಪಶ್ಚಿಮಕ್ಕೆ ಮುಖ ಮಾಡಿದ ಗಾಜು ಮತ್ತು ಅದರ ಮೇಲೆ ಒಂದು ಗೇಣು ಸಜ್ಜವೂ ಇಲ್ಲದ ಗೋಡೆ. ನಮ್ಮ ಕಡೆ ಗಾಳಿಮಳೆ ಹೊಡೆಯುವುದೇ ಪಶ್ಚಿಮದಿಂದ.

"ಅಪ್ಪ, ನಾನು ಓದೋಕೆ ಹೋಗೋದು, ಬಿಲ್ಡಿಂಗ್ ಇನ್‌ಸ್ಪೆಕ್ಷನ್‌ಗೆ ಅಲ್ಲ" ಎಂದಳು. ಸರಿಯೇ. ಆದರೆ ಅವಳು ಆ ಕಾಲೇಜನ್ನು ಆರಿಸಿದ್ದೂ ಬಿಲ್ಡಿಂಗ್ ನೋಡಿಯೇ ಅಲ್ಲವೇ? ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಮೊದಲು ಪಾಠದ ಲೆಕ್ಕ, ಅದರಲ್ಲಿ ಪಾಸಾದ ಎರಡು ಮೂರು ಕಾಲೇಜುಗಳಿಗೆ ಮಾತ್ರ ಕಟ್ಟಡದ ಲೆಕ್ಕ. ಆ ಬೇಸಿಗೆಯಲ್ಲಿ ಮಡಿಕೇರಿ, ಪೊನ್ನಂಪೇಟೆ, ಮೈಸೂರು, ಮಂಗಳೂರು ಸುತ್ತಿದ್ದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಟ್ಟಡ ನೋಡಿದರೆ ಆಡಳಿತದವರು ಹೇಗೆ ಎಂದು ಗೊತ್ತಾಗುತ್ತದೆ, ಮೇಷ್ಟ್ರು ಹೇಗೆ ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಬೇಕು.

ಪಾಠದ ಲೆಕ್ಕ

ಡಿಗ್ರಿಗೆ ಸೇರುವವರು ಮೊದಲು ಕೇಳಬೇಕಾದ ಪ್ರಶ್ನೆ ತೀರಾ ಸಾದಾ: ಮೂರು ವರ್ಷದ ನಂತರ ಕೈಗೆ ಬರುವ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ? ಕೊಡಗಿನಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ನಮ್ಮ ಕಾಲದಲ್ಲಿ ಇಲ್ಲಿನ ಕಾಲೇಜುಗಳೆಲ್ಲ ಮಂಗಳೂರು ವಿಶ್ವವಿದ್ಯಾಲಯದವು. 2023ರಲ್ಲಿ ಚಿಕ್ಕ ಅಳುವಾರದ ಜ್ಞಾನ ಕಾವೇರಿ ಆವರಣದಲ್ಲಿ ಕೊಡಗು ವಿಶ್ವವಿದ್ಯಾಲಯವೇ ಶುರುವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ಹೊಸದಾಗಿ ಮಾಡಿದ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೆ ಬೇಡವೆ ಎಂಬ ಚರ್ಚೆ ಸರ್ಕಾರದ ಮಟ್ಟದಲ್ಲಿ ನಡೆಯಿತು. ಹಾಗಾಗಿ ಸೇರುವ ದಿನ ಆಫೀಸಿನಲ್ಲಿ ನೇರವಾಗಿ ಕೇಳಿ, ಉತ್ತರವನ್ನು ರಸೀದಿಯ ಹಿಂದೆ ಬರೆದಿಟ್ಟುಕೊಳ್ಳಿ.

ಎರಡನೆಯದು ವಿಷಯಗಳ ಜೋಡಿ. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ 2024–25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದೆ. ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಕ್ರಮ ಇಟ್ಟುಕೊಳ್ಳಬಹುದು. ಪ್ರಾಸ್ಪೆಕ್ಟಸ್‌ನಲ್ಲಿ ಹನ್ನೆರಡು ಕಾಂಬಿನೇಷನ್ ಇದ್ದರೂ ಈ ವರ್ಷ ನಿಜವಾಗಿ ನಡೆಯುತ್ತಿರುವುದು ನಾಲ್ಕೇ ಇರಬಹುದು. ಮಗಳಿಗೆ ಬೇಕಿದ್ದದ್ದು ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ. ಗಾಜಿನ ಕಾಲೇಜಿನಲ್ಲಿ "ಹತ್ತು ಜನ ಸೇರಿದರೆ ಓಪನ್ ಮಾಡ್ತೇವೆ" ಎಂದರು. ಅಂದರೆ ಹತ್ತನೆಯವನು ಬರುವ ತನಕ ಇವಳು ಕಾಯಬೇಕು.

ಮೂರನೆಯದು, ಆ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು. ಅತಿಥಿ ಉಪನ್ಯಾಸಕರು ಕಡಿಮೆ ಕಲಿಸುತ್ತಾರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಕೆಲವರು ಕಾಯಂನವರಿಗಿಂತ ಚೆನ್ನಾಗಿ ಕಲಿಸುವುದನ್ನು ಕಂಡಿದ್ದೇನೆ. ಆದರೆ ಪ್ರತಿ ವರ್ಷ ಅವರ ನೇಮಕಾತಿ ತಡವಾದಾಗ ಮೊದಲ ತಿಂಗಳ ಪಾಠ ಹೋಗುವುದು ಮಕ್ಕಳದ್ದು. ನಮ್ಮಲ್ಲಿ ಅದರ ಮೇಲೆ ಡಿಸಿ ರಜೆ ಬೇರೆ. ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಮಕ್ಕಳು ಬೆಳಗ್ಗೆ ಎದ್ದು ಮೊದಲು ನೋಡುವುದು ಜಿಲ್ಲಾಧಿಕಾರಿಗಳ ಆದೇಶ. ಹೋದ ದಿನಗಳ ಪಾಠವನ್ನು ಹೇಗೆ ತುಂಬಿಸುತ್ತೀರಿ ಎಂದು ಕೇಳಿ. ಶನಿವಾರ ಮಧ್ಯಾಹ್ನ ತರಗತಿ ಇಡುತ್ತೇವೆ ಎಂದು ಥಟ್ಟನೆ ಹೇಳುವ ಕಾಲೇಜು ಬೇರೆ, "ಹೇಗಾದರೂ ಸಿಲಬಸ್ ಮುಗಿಸ್ತೇವೆ" ಎನ್ನುವ ಕಾಲೇಜು ಬೇರೆ.

ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್ ಕೊಡುತ್ತಾ ಬಂದ ಶ್ರೇಣಿಯ ಬಗ್ಗೆ ಒಂದು ಮಾತು. ದ್ವಾರದ ಮೇಲೆ ದೊಡ್ಡದಾಗಿ ಎ ಪ್ಲಸ್ ಎಂದು ಬರೆಸಿರುತ್ತಾರೆ. ಸಂಯೋಜಿತ ಕಾಲೇಜುಗಳಿಗೆ ನ್ಯಾಕ್ ಮಾಡಿಕೊಂಡು ಬಂದ ಮೌಲ್ಯಮಾಪನದಲ್ಲಿ ಏಳು ಮಾನದಂಡ, ಒಟ್ಟು 1000 ಅಂಕ. ಅದರಲ್ಲಿ ಬೋಧನೆ, ಕಲಿಕೆ, ಪರೀಕ್ಷೆಗೆ 350. ಕಟ್ಟಡ, ಲೈಬ್ರರಿ, ಕಂಪ್ಯೂಟರ್ ಎಲ್ಲ ಸೇರಿ 100. ನಾವು ಕ್ಯಾಂಪಸ್ ನೋಡಲು ಹೋದಾಗ ಆ 100 ಅಂಕದ ಭಾಗದಲ್ಲಿ ಮೂರು ಗಂಟೆ ಸುತ್ತಿ, 350 ಅಂಕದ ಭಾಗಕ್ಕೆ ಹತ್ತು ನಿಮಿಷ ಕೊಟ್ಟು ವಾಪಸ್ ಬರುತ್ತೇವೆ. ಕಾಲೇಜಿನ ವೆಬ್‌ಸೈಟಿನಲ್ಲಿ ನ್ಯಾಕ್‌ಗೆ ಸಲ್ಲಿಸಿದ ಸ್ವಯಂ ಅಧ್ಯಯನ ವರದಿ ಇರುತ್ತದೆ. ಉದ್ದದ ಕಡತ, ಓದಲು ಬೇಸರ, ಆದರೆ ಅಧ್ಯಾಪಕರ ಸಂಖ್ಯೆ, ಅವರ ಓದು, ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಮಗಳು ಒಂದು ರಾತ್ರಿ ಕೂತು ಓದಿದಳು. ಬೆಳಗಾಗುವಷ್ಟರಲ್ಲಿ ನಾಲ್ಕು ಪ್ರಾಸ್ಪೆಕ್ಟಸ್ ಎರಡಾಗಿತ್ತು, ಗಾಜಿನದು ಅದಾಗಲೇ ಒಲೆ ಹಚ್ಚುವ ಕಾಗದದ ಜೊತೆ ಸೇರಿತ್ತು.

ಬಿಸಿಲಲ್ಲಿ ಮಳೆಯ ಗುರುತು

ಕೊಡಗಿನ ಕಾಲೇಜನ್ನು ಜುಲೈಯಲ್ಲಿ ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೇಳುವುದು ಸುಲಭ. ಡಿಗ್ರಿ ಅಡ್ಮಿಷನ್ ಮೇ, ಜೂನ್ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಸಿಇಟಿ ಕೌನ್ಸೆಲಿಂಗ್ ಮಳೆಗಾಲದವರೆಗೆ ಎಳೆಯುವುದರಿಂದ ಇಂಜಿನಿಯರಿಂಗ್, ಕೃಷಿ, ಅರಣ್ಯ ಅಂತ ಹೋಗುವವರಿಗೆ ಆ ಒಂದು ಅನುಕೂಲ ಇದೆ. ಉಳಿದವರು ಮೇ ತಿಂಗಳ ಬಿಸಿಲಿನಲ್ಲೇ ಮಳೆಯನ್ನು ಓದಬೇಕು. ಅದು ಸಾಧ್ಯ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುವ ಮಳೆ ಗೋಡೆಯ ಮೇಲೆ ಗುರುತು ಬಿಡದೆ ಹೋಗುವುದಿಲ್ಲ.

ಮೊದಲು ತಲೆ ಎತ್ತಿ ಮಾಡು ನೋಡಿ. ಸಪಾಟು ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಇಳಿಜಾರು ಶೀಟ್ ಹಾಕಿದ್ದರೆ ಹೊರಗಿನವರಿಗೆ ಅದು ಕೊಳಕಾಗಿ ಕಾಣುತ್ತದೆ. ನನಗೆ ಅದು ಒಳ್ಳೆಯ ಸೂಚನೆ. ಬಯಲುಸೀಮೆಯ ನಕ್ಷೆಯಲ್ಲಿ ಕಟ್ಟಿ, ಸೋರಿ, ತಪ್ಪು ಒಪ್ಪಿಕೊಂಡು, ದುಡ್ಡು ಖರ್ಚು ಮಾಡಿದ್ದಾರೆ ಎಂದು ಅರ್ಥ. ಶೀಟ್ ಇಲ್ಲದ ತಾರಸಿ, ಪ್ಯಾರಪೆಟ್ ಕೆಳಗೆ ಕಪ್ಪು ನೀರಿನ ಪಟ್ಟೆ, ಒಳಗಿನ ಚಾವಣಿಯಲ್ಲಿ ಹಳದಿ ನಕಾಶೆ, ಈ ಮೂರೂ ಒಟ್ಟಿಗೆ ಕಂಡರೆ ಕೊನೆಯ ಮಹಡಿಯ ತರಗತಿಯಲ್ಲಿ ಬಕೆಟ್ ಇಟ್ಟುಕೊಂಡು ಪಾಠ ಕೇಳಲು ತಯಾರಾಗಿ. ಹಂಚಿನ ಮಾಡಾದರೆ ಮಳೆನೀರು ಹರಿಯುವ ದಂಬೆಯಲ್ಲಿ ಹೋದ ವರ್ಷದ ಎಲೆ ಕೂತಿದೆಯೇ ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗಿನಿಂದ ಈ ಸೀಮೆಯ ಶಾಲೆ, ಆಸ್ಪತ್ರೆ, ಕಚೇರಿಗಳ ತಲೆ ಕಾದದ್ದು ಅದೇ ಹಂಚು. ವರ್ಷಕ್ಕೊಮ್ಮೆ ಕೈಯಾಡಿಸುವ ಜನ ಇದ್ದರೆ ಇವತ್ತಿಗೂ ಅದನ್ನು ಮೀರಿಸಿದ್ದಿಲ್ಲ.

ಆಮೇಲೆ ಬಗ್ಗಿ ನೋಡಿ. ಹೊರಗೋಡೆಯ ಒಳಬದಿಯಲ್ಲಿ ನೆಲದಿಂದ ಎರಡಡಿ ಎತ್ತರದವರೆಗೆ ಮಾತ್ರ ಹೊಸ ಪೇಂಟ್ ಇದ್ದರೆ ಅಲ್ಲಿ ತೇವ ಏರುತ್ತಿದೆ, ಅಡ್ಮಿಷನ್‌ಗೆ ಮುಂಚೆ ಮುಚ್ಚಿದ್ದಾರೆ. ಲೈಬ್ರರಿಯಲ್ಲಿ ಕೆಳಗಿನ ಸಾಲಿನಿಂದ ಒಂದು ಪುಸ್ತಕ ಎಳೆದು ಮೂಗಿಗೆ ಹಿಡಿಯಿರಿ. ಬೂಷ್ಟಿನ ವಾಸನೆ ಬಂದರೆ ಹೊರಗೋಡೆಗೆ ಒತ್ತಿ ಬೀರು ಇಟ್ಟಿದ್ದಾರೆ, ಹಿಂದೆ ಗಾಳಿಯಾಡಲು ಒಂದು ಅಂಗುಲವೂ ಬಿಟ್ಟಿಲ್ಲ. ಹಾಗೆಯೇ ಆ ಪುಸ್ತಕದ ಕೊನೆಯ ಪುಟದಲ್ಲಿ ದಿನಾಂಕದ ಮುದ್ರೆ ನೋಡಿ. ಕೊನೆಯ ಬಾರಿ ಯಾರೋ ತೆಗೆದುಕೊಂಡದ್ದು ಆರು ವರ್ಷದ ಹಿಂದೆ ಎಂದಿದ್ದರೆ ನೀವು ಅಲ್ಲಿಗೆ ಕಟ್ಟಡದ ಪರೀಕ್ಷೆ ಬಿಟ್ಟು ಪಾಠದ ಪರೀಕ್ಷೆಗೆ ಬಂದಿರಿ.

ಹಾಸ್ಟೆಲ್‌ನಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಬೆಂಗಳೂರಿನ ಆರ್ಕಿಟೆಕ್ಟ್ ಬರೆದ ನಕ್ಷೆಯಲ್ಲಿ ಜಿಮ್ ಇರುತ್ತದೆ, ಟಿವಿ ಹಾಲ್ ಇರುತ್ತದೆ, ಬಟ್ಟೆ ಒಣಗಿಸಲು ಮುಚ್ಚಿದ ಗಾಳಿಯಾಡುವ ಜಾಗ ಇರುವುದಿಲ್ಲ. ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಮಕ್ಕಳು ರೂಮಿನೊಳಗೆ ಹಗ್ಗ ಕಟ್ಟುತ್ತಾರೆ. ಆ ತೇವ ಗೋಡೆಗೆ, ಗೋಡೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಎದೆಗೆ. ನನ್ನ ಅಣ್ಣನ ಮಗಳು ಹಿಂದೊಮ್ಮೆ ಇಂಥ ಹಾಸ್ಟೆಲ್‌ನಲ್ಲಿ ಇದ್ದಳು. ದಸರೆಗೆ ಮನೆಗೆ ಬಂದಾಗ ಅವಳ ಸೂಟ್‌ಕೇಸ್ ತೆರೆದ ಅತ್ತಿಗೆ ಮೊದಲು ಮಾಡಿದ ಕೆಲಸ ಅದನ್ನು ಹಾಗೇ ಕಾಫಿ ಕಣಕ್ಕೆ ಒಯ್ದು ಮಗುಚಿದ್ದು. ನೋಡಲು ಬಹಳ ಚೆಂದದ ಹಾಸ್ಟೆಲ್ ಅದು, ಹೆಸರು ಬೇಡ.

ಇನ್ನು ಬರೆ, ಅಂದರೆ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ನಂತರ ಈ ಪದವನ್ನು ಕೊಡಗಿನಲ್ಲಿ ಯಾರೂ ಹಗುರವಾಗಿ ಆಡುವುದಿಲ್ಲ. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಕಟ್ಟಡ ಎದ್ದಿದ್ದರೆ ಹಿಂದೆ ನಿಲ್ಲಿಸಿದ ಮಣ್ಣಿನ ಗೋಡೆ ಏನಾಗಿದೆ ಎಂದು ಕಟ್ಟಡ ಸುತ್ತಿ ಹಿಂಬದಿಗೆ ಹೋಗಿ ನೋಡಿ. ಪ್ರಾಸ್ಪೆಕ್ಟಸ್‌ನಲ್ಲಿ ಹಿಂಬದಿಯ ಫೋಟೋ ಇರುವುದಿಲ್ಲ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರಲು ಸಾಲಾಗಿ ತೂತುಗಳಿರಬೇಕು, ಪಿವಿಸಿ ಪೈಪಿನ ತುಂಡು ಇಟ್ಟಿರುತ್ತಾರೆ. ತೂತು ಇಲ್ಲದ ಗೋಡೆ, ಅಥವಾ ಸಿಮೆಂಟ್ ಮೆತ್ತಿ ಮುಚ್ಚಿದ ತೂತು ಎಂದರೆ ಮಣ್ಣಿನ ಹಿಂದೆ ನೀರು ಕಟ್ಟಿಕೊಳ್ಳುತ್ತದೆ, ಗೋಡೆ ಹೊಟ್ಟೆ ಉಬ್ಬಿಸುತ್ತದೆ. ಹಾಸ್ಟೆಲ್ ರೂಮಿನ ಕಿಟಕಿಗೂ ಬರೆಗೂ ನಡುವೆ ಕೈ ಚಾಚಿದರೆ ಮುಟ್ಟುವಷ್ಟು ಜಾಗ ಇದ್ದರೆ ಬೇರೆ ರೂಮು ಕೇಳಿ. ಕೊಡದಿದ್ದರೆ ಬೇರೆ ಕಾಲೇಜು.

ಕಾರಿಡಾರಿನಲ್ಲಿ ಕೂರಲು ಜಾಗ

ಇಷ್ಟೆಲ್ಲ ಬರೀ ಸೋರಿಕೆಯ ಮಾತಾಯಿತು. ಒಳ್ಳೆಯ ಕಟ್ಟಡ ಅಂದರೆ ಸೋರದ ಕಟ್ಟಡ ಎಂದಷ್ಟೇ ಅಂದುಕೊಂಡರೆ ಕಾಫಿ ಗೋಡೌನೇ ಎಲ್ಲಕ್ಕಿಂತ ಒಳ್ಳೆಯದು.

ನಮ್ಮ ಐನ್‌ಮನೆಗಳನ್ನು, ಕೊಡವ ಕುಟುಂಬಗಳ ಹಳೆಯ ಮೂಲಮನೆಗಳನ್ನು, ನೆನೆಸಿಕೊಳ್ಳಿ. ಮೆಟ್ಟಿಲು ಹತ್ತಿದ ಕೂಡಲೇ ಜಗಲಿ, ಕಂಬದಿಂದ ಕಂಬಕ್ಕೆ ಹಾಸಿದ ಅಗಲವಾದ ಮರದ ಹಲಗೆ, ಅದೇ ಐಮರ. ಒಳಗೆ ಹೋಗದೆ, ಹೊರಗೂ ನಿಲ್ಲದೆ, ಮಳೆ ನೋಡುತ್ತಾ ಮಾತಾಡಲು ಮಾಡಿದ ಜಾಗ ಅದು. ಮನೆಯ ಹಿರಿಯರು ನ್ಯಾಯ ಹೇಳಿದ್ದು, ಮದುವೆ ಮಾತಾಡಿದ್ದು, ಜಗಳ ಬಿಡಿಸಿದ್ದು ಅಲ್ಲೇ. ಕಾಲೇಜಿನಲ್ಲೂ ಕಲಿಕೆಯ ಅರ್ಧ ಭಾಗ ನಡೆಯುವುದು ತರಗತಿಯ ಬಾಗಿಲ ಹೊರಗೆ. ಪಾಠ ಮುಗಿಸಿ ಹೊರಬಂದ ಮೇಷ್ಟ್ರನ್ನು ಹಿಡಿದು ಒಂದು ಅನುಮಾನ ಕೇಳಲು ಎರಡು ನಿಮಿಷ ನಿಲ್ಲುವಷ್ಟು ಅಗಲ ಕಾರಿಡಾರಿಗೆ ಇದೆಯೇ? ಕೂರಲು ಕಟ್ಟೆ ಇದೆಯೇ? ಇಲ್ಲಾ ಆರಡಿ ಅಗಲದ ಕತ್ತಲ ಸುರಂಗವೇ, ಹಿಂದಿನವರು ತಳ್ಳುತ್ತಾ ಮುಂದಿನವರು ಓಡುತ್ತಾ?

ಬೆಂಗಳೂರಿನ ಐಐಎಂ ಕ್ಯಾಂಪಸ್ಸನ್ನು ಬಿ.ವಿ. ದೋಶಿ ಹೀಗೇ ಯೋಚಿಸಿ ಮಾಡಿದರು ಎಂದು ನನಗೆ ತೋರುತ್ತದೆ. ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ಅಲ್ಲಲ್ಲಿ ಆಕಾಶಕ್ಕೆ ತೆರೆದ ಮಾಡು, ಹಬ್ಬಿದ ಬಳ್ಳಿ. ಫತೇಪುರ್ ಸಿಕ್ರಿಯ ಅಂಗಳ, ಓಣಿಗಳ ನೆನಪು ಅದರ ಹಿಂದಿದೆ. 2018ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ದೋಶಿಯವರಿಗೆ ಬಂತು, ಭಾರತೀಯರೊಬ್ಬರಿಗೆ ಅದು ಮೊದಲನೆಯದು. ಒಮ್ಮೆ ಅಲ್ಲಿಗೆ ಹೋಗಿದ್ದಾಗ ಒಂದು ಗಂಟೆ ಬರೀ ಪಡಸಾಲೆಯಲ್ಲೇ ನಡೆದಾಡಿದೆ. ಚೆಂದ, ತುಂಬಾ ಚೆಂದ. ಆದರೆ ಆ ತೆರೆದ ಮಾಡನ್ನು ಭಾಗಮಂಡಲಕ್ಕೆ ತಂದು ಇಟ್ಟರೆ ಜೂನ್ ಕೊನೆಯೊಳಗೆ ಪಾಚಿ ಕಟ್ಟಿ, ಪ್ರಿನ್ಸಿಪಾಲರೇ ಮೊದಲು ಜಾರಿ ಬೀಳುತ್ತಾರೆ. ಬೆಂಗಳೂರಿಗೆ ಬೆಂಗಳೂರಿನ ಜಗಲಿ, ಕೊಡಗಿಗೆ ಕೊಡಗಿನದು. ನಮ್ಮ ಊರಿನ ಹೊಸ ಕಾಲೇಜುಗಳು ಹೊರಗಿನ ಕ್ಯಾಂಪಸ್ಸುಗಳ ಫೋಟೋ ನೋಡಿ ನಕಲು ಮಾಡುವಾಗ ತಪ್ಪುವುದು ಇಲ್ಲೇ.

ಊರಲ್ಲೇ, ಮೈಸೂರಿಗೆ, ಇಲ್ಲಾ ಮಂಗಳೂರಿಗೆ

ರೈಲು ಇಲ್ಲದ ಜಿಲ್ಲೆ ನಮ್ಮದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಅದಕ್ಕಿಂತ ತುಸು ಹೆಚ್ಚು, ನಡುವೆ ಸಂಪಾಜೆ ಘಾಟಿ. ಹೀಗಾಗಿ ಕಾಲೇಜು ಆರಿಸುವಾಗ ಬಸ್ಸಿನ ರಸ್ತೆಯನ್ನೂ ಆರಿಸುತ್ತಿದ್ದೇವೆ.

ಮಡಿಕೇರಿಯಲ್ಲೇ ಉಳಿಯುವವರಿಗೆ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು ಇದೆ. ಶುರುವಾದದ್ದು 1949ರಲ್ಲಿ, ಕಾರ್ಯಪ್ಪನವರು ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ವರ್ಷವೇ. ಕೊಡಗಿನಲ್ಲಿ ಎರಡು ಮೂರು ತಲೆಮಾರು ಓದಿದ ಕಾಲೇಜು, ಯಾವ ಮನೆಗೆ ಹೋದರೂ ಅಲ್ಲಿ ಓದಿದ ಒಬ್ಬರಾದರೂ ಸಿಗುತ್ತಾರೆ. ಅದರಿಂದ ಒಂದು ಲಾಭ ಇದೆ. ಯಾವ ವಿಭಾಗ ಈಗ ಹೇಗಿದೆ ಎಂದು ಪ್ರಾಸ್ಪೆಕ್ಟಸ್ ಕೇಳಬೇಕಿಲ್ಲ, ಮದುವೆ ಮನೆಯಲ್ಲಿ ಕೇಳಿದರೆ ಸಾಕು. ದಕ್ಷಿಣ ಕೊಡಗಿನವರಿಗೆ ಗೋಣಿಕೊಪ್ಪ, ವಿರಾಜಪೇಟೆಯ ಕಾವೇರಿ ಕಾಲೇಜುಗಳಿವೆ. ಮನೆಯ ಊಟ, ತೋಟದ ಕೆಲಸಕ್ಕೆ ಒಂದು ಕೈ, ಕಡಿಮೆ ಖರ್ಚು. ವಿಷಯದ ಆಯ್ಕೆ ಕಿರಿದು ಎನ್ನುವುದೇ ಕೊರತೆ. ವೈದ್ಯಕೀಯದ ಮಾತು ಬೇರೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಆದರೆ ನೀಟ್ ರ‍್ಯಾಂಕ್ ಕಳಿಸಿದಲ್ಲಿಗೆ ಹೋಗುವುದೇ ಹೊರತು ಅಲ್ಲಿ ಕಟ್ಟಡ ನೋಡಿ ಆರಿಸುವ ಭಾಗ್ಯ ಯಾರಿಗೂ ಇಲ್ಲ.

ಮೈಸೂರು ನೋಡಿದರೆ ಯಾರಿಗಾದರೂ ಮನಸ್ಸು ಸೋಲುತ್ತದೆ. ಮಹಾರಾಜ ಕಾಲೇಜಿನ ಎತ್ತರದ ಚಾವಣಿಯ ಕೆಳಗೆ ನಿಂತರೆ ರಾಧಾಕೃಷ್ಣನ್ ಇಲ್ಲೇ ತತ್ವಶಾಸ್ತ್ರ ಕಲಿಸಿದ್ದು, ಕುವೆಂಪು ಇಲ್ಲೇ ಓದಿ ಇಲ್ಲೇ ಕಲಿಸಿದ್ದು ಎಂಬ ಮಾತು ತಾನಾಗಿ ನೆನಪಾಗುತ್ತದೆ. ವಿಜ್ಞಾನಕ್ಕೆ ಯುವರಾಜ ಕಾಲೇಜು. ಮುಂದೆ ಎಂಎ, ಎಂಎಸ್ಸಿ ಎಂದರೆ ಕುಕ್ಕರಹಳ್ಳಿ ಕೆರೆಯ ಪಕ್ಕದ ಮಾನಸ ಗಂಗೋತ್ರಿ. ಮೈಸೂರು ವಿಶ್ವವಿದ್ಯಾಲಯ 1916ರದು, ನಮ್ಮ ದೇಶದಲ್ಲಿ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾಲಯ. ವರ್ಷಕ್ಕೆ 800 ಮಿ.ಮೀ. ಸುಮಾರು ಮಳೆ ಬೀಳುವ ಊರಿನಲ್ಲಿ ದಪ್ಪ ಗೋಡೆ, ಎತ್ತರದ ಕಿಟಕಿಯ ಹಳೆಯ ಕಟ್ಟಡ ಬೇಸಿಗೆಯಲ್ಲೂ ತಂಪು. ಫ್ಯಾನ್ ಹಾಕದೆ ಏಪ್ರಿಲ್‌ನಲ್ಲಿ ಪಾಠ ಕೇಳಬಹುದು.

ಹಳೆಯ ಕಟ್ಟಡಕ್ಕೆ ಇನ್ನೊಂದು ಮುಖವೂ ಇದೆ. 2022ರ ಅಕ್ಟೋಬರ್‌ನಲ್ಲಿ ಅದೇ ಮೈಸೂರಿನ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಒಂದು ಭಾಗ ಮಳೆಗೆ ಕುಸಿದು ಬಿತ್ತು. ಸುಣ್ಣದ ಗಾರೆಯ ಗೋಡೆ ನೂರು ವರ್ಷ ನಿಲ್ಲುತ್ತದೆ, ಆದರೆ ಮಾಡಿನ ನೀರು ಗೋಡೆಯೊಳಗೆ ಇಳಿಯದಂತೆ ಪ್ರತಿ ವರ್ಷ ನೋಡಿಕೊಂಡರೆ ಮಾತ್ರ. ಗಾರೆಯ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲಾಗದೆ ಗೋಡೆ ಒಳಗಿಂದಲೇ ಕೊಳೆಯುತ್ತದೆ. ಪಾರಂಪರಿಕ ಕಟ್ಟಡದಲ್ಲಿ ಓದುವ ಮಕ್ಕಳು ಕಮಾನಿನ ಕೆಳಗೆ ಫೋಟೋ ತೆಗೆಸಿಕೊಳ್ಳಲಿ, ಅಪ್ಪಂದಿರು ಗೋಡೆಯ ಬುಡದಲ್ಲಿ ಗಿಡ ಹುಟ್ಟಿದೆಯೇ ಎಂದು ನೋಡಲಿ. ಅರಳಿಯ ಸಸಿ ಇದ್ದರೆ ಬೇರು ಎಲ್ಲಿಗೆ ಹೋಗಿದೆ ಎಂದು ಹೇಳಬೇಕಿಲ್ಲ.

ಮಂಗಳೂರಿನಲ್ಲಿ ಮಳೆ ನಮ್ಮಷ್ಟೇ, ಸೆಕೆ ಮಾತ್ರ ನಮಗೆ ಹೊಸದು. ಲೈಟ್‌ಹೌಸ್ ಹಿಲ್ ಮೇಲಿನ ಸೇಂಟ್ ಅಲೋಶಿಯಸ್ 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಶುರು ಮಾಡಿದ್ದು, ಈಗ ಡೀಮ್ಡ್ ವಿಶ್ವವಿದ್ಯಾಲಯ. ಅಲ್ಲಿನ ಚಾಪೆಲ್‌ನ ಗೋಡೆ, ಚಾವಣಿಗಳ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ. ನೂರಿಪ್ಪತ್ತು ವರ್ಷ ಮೀರಿದ ಚಿತ್ರಗಳು ಕರಾವಳಿಯ ತೇವದಲ್ಲಿ ಉಳಿದಿವೆ ಎಂದರೆ ಯಾರೋ ಮಾಡು ನೋಡಿಕೊಂಡಿದ್ದಾರೆ. ನಾನು ಚಾಪೆಲ್‌ನಲ್ಲಿ ನಿಂತು ಯೋಚಿಸಿದ್ದು ಅಷ್ಟೇ, ಮಗಳಿಗೆ ನಗು ತಡೆಯಲಿಲ್ಲ. ಕೊಣಾಜೆಯ ಮಂಗಳಗಂಗೋತ್ರಿ ಸ್ನಾತಕೋತ್ತರದವರಿಗೆ, ಸುರತ್ಕಲ್‌ನ ಎನ್‌ಐಟಿಕೆ ಜೆಇಇ ದಾಟಿದವರಿಗೆ. ಘಾಟಿ ರಸ್ತೆಯೊಂದೇ ತಲೆನೋವು. 2018ರಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಇಳಿದಾಗ ಬಸ್ಸು ನಿಂತು, ಮಂಗಳೂರಿನಲ್ಲಿ ಓದುತ್ತಿದ್ದ ನಮ್ಮ ಕಡೆಯ ಮಕ್ಕಳು ಊರಿಗೆ ಬರಲಾಗದೆ ಒದ್ದಾಡಿದರು. ಮಳೆಗಾಲದಲ್ಲಿ ಪ್ರತಿ ಶನಿವಾರ ಮನೆಗೆ ಬಂದೇ ತೀರಬೇಕು ಎನ್ನುವ ಮಗುವಾದರೆ ಮೈಸೂರಿನ ರಸ್ತೆಯೇ ವಾಸಿ.

ಪೊನ್ನಂಪೇಟೆಯ ಎರಡು ಗೇಟು

ತಂಗಿಯ ಮಗನ ಕಥೆ ಬೇರೆ. ಸಿಇಟಿಯಲ್ಲಿ ಅವನಿಗೆ ಇಂಜಿನಿಯರಿಂಗೂ ಸಿಗುತ್ತಿತ್ತು, ಬಿಎಸ್ಸಿ ಅರಣ್ಯಶಾಸ್ತ್ರವೂ ಸಿಗುತ್ತಿತ್ತು. ಎರಡಕ್ಕೂ ಪೊನ್ನಂಪೇಟೆಯಲ್ಲೇ ಕಾಲೇಜು ಇದೆ. ಒಂದು ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿ. ಇನ್ನೊಂದು ಅರಣ್ಯ ಮಹಾವಿದ್ಯಾಲಯ, ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಅಡಿಯಲ್ಲಿ. ಎರಡೂ ನಾಲ್ಕು ವರ್ಷ. ಒಂದೇ ದಿನ ಎರಡೂ ನೋಡಿ ಬಂದೆವು.

ಇಲ್ಲಿ ನನ್ನ ಕಟ್ಟಡದ ಲೆಕ್ಕವೇ ತಲೆಕೆಳಗಾಯಿತು. ಇಂಜಿನಿಯರಿಂಗ್ ಎಂದರೆ ಕಟ್ಟಡದೊಳಗಿನ ಓದು: ವರ್ಕ್‌ಶಾಪ್‌ನಲ್ಲಿ ಲೇತ್ ಎಷ್ಟು, ಕಂಪ್ಯೂಟರ್ ಲ್ಯಾಬ್‌ಗೆ ಕರೆಂಟ್ ಹೋದಾಗ ಏನು ವ್ಯವಸ್ಥೆ, ಜನರೇಟರ್ ಲೈನ್ ಲ್ಯಾಬ್‌ಗೂ ಇದೆಯೇ ಅಥವಾ ಆಫೀಸಿಗೆ ಮಾತ್ರವೇ ಎಂಬುದನ್ನು ಕೇಳಬೇಕು. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮಗೆಲ್ಲ ಗೊತ್ತಿದ್ದದ್ದೇ. ಅರಣ್ಯಶಾಸ್ತ್ರದ ಹುಡುಗನಿಗೆ ಕಟ್ಟಡ ರಾತ್ರಿ ಮಲಗಲು, ಮಳೆ ಬಂದಾಗ ನೋಟ್ಸ್ ಬರೆಯಲು. ಅವನ ಲ್ಯಾಬ್ ನರ್ಸರಿ, ಸುತ್ತಲಿನ ಕಾಡು, ನಾಗರಹೊಳೆಯ ಅಂಚು, ನೆರಳಿನ ಮರ ಬೆಳೆದು ನಿಂತ ನಮ್ಮ ಕಾಫಿ ತೋಟಗಳು. ಕೊಡಗಿನಲ್ಲಿ ಕಾಫಿ ತೋಟದ ಮರ ಕಡಿಯುವುದು, ಬೆಳೆಸುವುದು, ಅದಕ್ಕೆ ಪರವಾನಗಿ ಪಡೆಯುವುದು ನಮ್ಮ ದಿನದ ತಲೆಬಿಸಿ. ಆ ವಿಷಯವನ್ನು ಈ ಮಣ್ಣಿನಲ್ಲೇ ಓದುವುದಕ್ಕೆ ಒಂದು ಅರ್ಥ ಇದೆ. ರಾಜ್ಯದಲ್ಲಿ ಈ ಪದವಿಗೆ ಇನ್ನೊಂದು ಹೆಸರಾದ ಕಾಲೇಜು ಶಿರಸಿಯಲ್ಲಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಅಲ್ಲೂ ಘಟ್ಟದ ಕಾಡೇ. ಮನೆಯಿಂದ ದೂರ ಇದ್ದು ಬೇರೆ ಕಾಡು ನೋಡಲಿ ಎನ್ನುವವರಿಗೆ ಅದು ಚೆನ್ನ.

ಜಮೀನು ಇರುವ ಕುಟುಂಬದವರು ಮರೆಯಬಾರದ ಒಂದು ವಿಷಯ: ಕೃಷಿ ಸಂಬಂಧಿ ಕೋರ್ಸುಗಳಿಗೆ ಕೃಷಿಕರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗಿಡ, ಗೊಬ್ಬರ, ಸಲಕರಣೆ ಗುರುತಿಸಬೇಕು. ಅರ್ಜಿ ಹಾಕುವಾಗಲೇ ಆ ಕಾಲಂ ತುಂಬಿ, ದಾಖಲೆ ಸರಿ ಮಾಡಿಸಿಟ್ಟುಕೊಳ್ಳಿ. ತೋಟದಲ್ಲಿ ಬೆಳೆದ ನಮ್ಮ ಹುಡುಗನಿಗೆ ರೋಬಸ್ಟಾ ಮತ್ತು ಅರೇಬಿಕಾ ಗಿಡ ಕಣ್ಣುಮುಚ್ಚಿ ಗೊತ್ತು. ರಾಗಿ ಮತ್ತು ನವಣೆ ಗುರುತಿಸಲು ಮಾತ್ರ ಕುಶಾಲನಗರದ ಅಂಗಡಿಗೆ ಹೋಗಿ ಕಲಿತು ಬಂದ.

ಅವನು ಕೇಳಿದ ಕೊನೆಯ ಪ್ರಶ್ನೆ ಹಾಕಿ ಮೈದಾನ ಇದೆಯೇ ಎಂದು. ಕುಟುಂಬಗಳ ಹಾಕಿ ಹಬ್ಬ 1997ರಿಂದ ನಡೆಯುತ್ತಿರುವ ಜಿಲ್ಲೆಯಲ್ಲಿ ಇದನ್ನು ಯಾರೂ ಹುಡುಗಾಟ ಎನ್ನಲಾರರು.

ಆರ್ಕಿಟೆಕ್ಚರ್ ಓದುವವರೇ ಆದರೆ ಮಾತು ಬೇರೆ. ಬಿ.ಆರ್ಕ್ ಐದು ವರ್ಷ, ಸೇರಲು ನಾಟಾ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಮಾನ್ಯತೆ ಇರಲೇಬೇಕು. ಅವರಿಗೆ ಕಟ್ಟಡವೇ ಪಠ್ಯಪುಸ್ತಕ. ಮೈಸೂರಿನ ವಾಡಿಯಾರ್ ಸೆಂಟರ್ ಫಾರ್ ಆರ್ಕಿಟೆಕ್ಚರ್‌ನಂಥ ಕಡೆ ಹೋದರೆ ಸ್ಟುಡಿಯೋ ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಒಬ್ಬೊಬ್ಬರಿಗೂ ಸ್ವಂತ ಮೇಜು ಇದೆಯೇ ಎಂದು ಕೇಳಿ. ಸೇರುವ ಮೊದಲು ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನಕ್ಕೂ ಒಮ್ಮೆ ಹೋಗಿ ಬನ್ನಿ. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಆ ದೇವಸ್ಥಾನಕ್ಕೆ ಗುಮ್ಮಟ ಇದೆ, ಮೂಲೆಗಳಲ್ಲಿ ಮಿನಾರು ಇದೆ, ಮುಂದೆ ಕೆರೆ ಇದೆ. ಇನ್ನೂರು ವರ್ಷದ ಮಳೆ ಕುಡಿದು ನಿಂತಿದೆ.

ಕೊನೆಯ ಎರಡು

ಮಗಳ ಕೈಯಲ್ಲಿ ಉಳಿದದ್ದು ಎರಡು. ಒಂದು ಮೈಸೂರಿನದು, ಒಂದು ಮಂಗಳೂರಿನದು. ಮೈಸೂರಿನ ಕಟ್ಟಡಕ್ಕೆ ನಾನು ಮನಸ್ಸು ಕೊಟ್ಟಿದ್ದೆ, ಸುಳ್ಳು ಹೇಳುವುದಿಲ್ಲ. ಎರಡೂ ಕಡೆ ಅವಳು ರಸಾಯನಶಾಸ್ತ್ರದ ಲ್ಯಾಬ್‌ಗೆ ಹೋಗಿ ಬೀರುವಿನ ಬಾಟಲಿಗಳ ಮೇಲಿನ ತಾರೀಕು ಓದಿದಳು. ಇದು ಅವಳದೇ ಉಪಾಯ, ನಾನು ಹೇಳಿಕೊಟ್ಟದ್ದಲ್ಲ. ಒಂದು ಕಡೆ ಈ ವರ್ಷದವು, ಅರ್ಧ ಖಾಲಿ. ಇನ್ನೊಂದು ಕಡೆ ನಾಲ್ಕು ವರ್ಷ ಹಿಂದಿನವು, ಸೀಲ್ ಕೂಡ ಒಡೆದಿಲ್ಲ. ಖಾಲಿ ಬಾಟಲಿಯ ಕಡೆಯ ಮೇಡಂ ಇವಳ ಜೊತೆ ಇಪ್ಪತ್ತು ನಿಮಿಷ ಮಾತಾಡಿದರು. ಕಾರಿಡಾರಿನಲ್ಲಿ ನಿಂತೇ. ಅಲ್ಲಿ ಕೂರಲು ಕಟ್ಟೆ ಇರಲಿಲ್ಲ. ಕಟ್ಟಡವೂ ಸಾದಾ, ಎಪ್ಪತ್ತರ ದಶಕದ ಪೆಟ್ಟಿಗೆಯಂಥ ಕಾಂಕ್ರೀಟ್, ಸಜ್ಜ ಮಾತ್ರ ಮೂರಡಿ ಚಾಚಿದೆ. ಅದು ಮಂಗಳೂರು.

ಸೇರಿಸಿ ಬರುವ ದಿನ ಹಾಸ್ಟೆಲ್ ಹಿಂದೆ ಸುತ್ತಿ ನೋಡಿದೆ. ತಡೆಗೋಡೆ ಇತ್ತು, ತೂತುಗಳೂ ಇದ್ದವು, ಒಣಗಿದ್ದವು. ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ಅವಳಿಗೆ ತೋರಿಸಿ ಹೇಳಿ ಬಂದೆ. ಜುಲೈ ನಡುವೆ, ಮೂರು ದಿನ ಬಿಡದೆ ಸುರಿದ ರಾತ್ರಿ ಫೋನ್ ಬಂತು.

"ಅಪ್ಪ, ಗೋಡೆಯ ತೂತಿನಿಂದೆಲ್ಲ ನೀರು ಬರ್ತಾ ಇದೆ."

"ಕೆಂಪು ನೀರಾ, ತಿಳಿ ನೀರಾ?"

"ತಿಳಿ."

"ಹಾಗಾದ್ರೆ ಮಲಗು."